ಎತ್ತಿನಹೊಳೆ: ಹಳ್ಳದ ಲೆಕ್ಕ, ನದಿಯ ಲೆಕ್ಕ

ಸಕಲೇಶಪುರದ ಸೇತುವೆಯ ಕೆಳಗೆ ಹರಿಯುವ ಹೇಮಾವತಿ ಪೂರ್ವಕ್ಕೆ ಮುಖಮಾಡಿದ ನದಿ. ಗೊರೂರಿನ ಜಲಾಶಯವನ್ನು ತುಂಬಿಸಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಂಡು ಅದು ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಅದೇ ಪಟ್ಟಣದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ನೆಲದ ವಾಲು ಬದಲಾಗುತ್ತದೆ. ಅಲ್ಲಿ ಬಿದ್ದ ಮಳೆ ಅರಬ್ಬಿ ಸಮುದ್ರದ ಪಾಲು. ಬಿಸಿಲೆಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ನೀರು ಎರಡು ಕಡಲುಗಳಿಗೆ ಹಂಚಿಹೋಗುವ ಈ ಜಲವಿಭಾಜಕವನ್ನು ಗುರುತಿಸುವ ಕಲ್ಲೊಂದಿದೆ. ನೋಡಲು ಅಲ್ಲಿ ಏನೂ ಇಲ್ಲ. ರಸ್ತೆಯ ಒಂದು ಮಗ್ಗುಲು ಒಂದು ನದಿಗೆ, ಇನ್ನೊಂದು ಮಗ್ಗುಲು ಇನ್ನೊಂದು ನದಿಗೆ ಸೇರಿದ್ದು ಎಂಬುದು ಕಲ್ಲಿನ ಬರಹದಿಂದ ತಿಳಿಯಬೇಕೇ ಹೊರತು ಕಣ್ಣಿಗೆ ಕಾಣುವುದಿಲ್ಲ.

ಈ ವಿಭಾಜಕದ ಪಶ್ಚಿಮ ಮಗ್ಗುಲಿನಲ್ಲಿ ಹುಟ್ಟುವ ಹತ್ತಾರು ತೊರೆಗಳಲ್ಲಿ ಎತ್ತಿನಹೊಳೆ ಒಂದು. ಹೆಸರಿಗೆ ಹೊಳೆಯಾದರೂ ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾದ ಹಳ್ಳ. ಶೋಲಾ ಕಾಡು, ಹುಲ್ಲುಗಾವಲು, ಏಲಕ್ಕಿ ಮತ್ತು ಕಾಫಿ ತೋಟಗಳ ನಡುವೆ ಸಾಗಿ, ಕೆಂಪುಹೊಳೆ, ಕಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮೊದಲಾದವುಗಳಂತೆ ಅದೂ ಘಟ್ಟದಿಂದ ಧುಮುಕಿ ಗುಂಡ್ಯ ಹೊಳೆಯಲ್ಲಿ ಒಂದಾಗುತ್ತದೆ. ಗುಂಡ್ಯ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಬಂಟ್ವಾಳ ಮತ್ತು ತುಂಬೆಯನ್ನು ದಾಟಿ ಮಂಗಳೂರಿನ ಅಳಿವೆಯಲ್ಲಿ ಕಡಲಿಗೆ. ಮಳೆಗಾಲದಲ್ಲಿ ಉಪ್ಪಿನಂಗಡಿಯ ದೇವಸ್ಥಾನದ ಎದುರು ಎರಡೂ ನದಿಗಳು ಉಕ್ಕಿ ಕೂಡುವುದನ್ನು ಊರವರು ಸಂಗಮವೆಂದು ಕಾದು ನೋಡುತ್ತಾರೆ. ಆ ಕೆಂಪು ನೀರಿನಲ್ಲಿ ಎತ್ತಿನಹೊಳೆಯ ಪಾಲೆಷ್ಟು ಎಂದು ಹಿಂದೆ ಯಾರೂ ಕೇಳಿರಲಿಲ್ಲ. ಕಳೆದ ಹನ್ನೆರಡು ಹದಿಮೂರು ವರ್ಷಗಳಿಂದ ರಾಜ್ಯದ ಒಂದು ದೊಡ್ಡ ವಿವಾದ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ.

ಈ ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ರೂಪುರೇಷೆ ಬಹುಪಾಲು ಓದುಗರಿಗೆ ಗೊತ್ತಿರುವಂಥದ್ದೇ. ಎತ್ತಿನಹೊಳೆ ಮತ್ತು ಅದರ ಅಕ್ಕಪಕ್ಕದ ತೊರೆಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ, ಜೂನ್ ನಡುಭಾಗದಿಂದ ಅಕ್ಟೋಬರ್ ಕೊನೆಯವರೆಗಿನ 139 ದಿನಗಳಲ್ಲಿ ನೀರನ್ನು ಪಂಪು ಮಾಡಿ, ಘಟ್ಟದ ನೆತ್ತಿಯನ್ನು ದಾಟಿಸಿ, ಹರವನಹಳ್ಳಿಯ ವಿತರಣಾ ತೊಟ್ಟಿಯಿಂದ ಮುಂದೆ ತುಮಕೂರಿನ ಕಡೆಗೆ ಸುಮಾರು 250 ಕಿಲೋಮೀಟರ್ ಉದ್ದದ ಗುರುತ್ವ ಕಾಲುವೆಯಲ್ಲಿ ಹರಿಸುವುದು. ಅಲ್ಲಿಂದ ಚಿಕ್ಕಬಳ್ಳಾಪುರ ಮತ್ತು ಕೋಲಾರದವರೆಗೆ ಕೊಂಡೊಯ್ಯುವುದು. ಒಟ್ಟು 24.01 ಟಿಎಂಸಿ. ಇದರಲ್ಲಿ ಸುಮಾರು 14 ಟಿಎಂಸಿ ಏಳು ಜಿಲ್ಲೆಗಳ 75 ಲಕ್ಷ ಜನರ ಕುಡಿಯುವ ನೀರಿಗೆ, ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸುವುದಕ್ಕೆ. 2012ರಲ್ಲಿ 8,323 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ಅಂದಾಜು 2014ರಲ್ಲಿ 12,912 ಕೋಟಿಯಾಗಿ, 2023ರಲ್ಲಿ 23,251 ಕೋಟಿಯನ್ನು ದಾಟಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ಬಳಿಯ ದೊಡ್ಡನಾಗರದಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಕಾಲುವೆ ಇನ್ನೂ ಪೂರ್ತಿಯಾಗಿರದ ಕಾರಣ ಆರಂಭದಲ್ಲಿ ಎತ್ತಿದ ನೀರನ್ನು ವೇದಾವತಿ ಕಣಿವೆಯ ಮೂಲಕ ವಾಣಿವಿಲಾಸ ಸಾಗರದ ಕಡೆಗೆ ಬಿಡಲಾಯಿತು.

ಈ ವಿವಾದದಲ್ಲಿ ಎರಡೂ ಕಡೆಯವರು ಬಳಸುವ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಚಿತ್ರ ಎದ್ದು ಕಾಣುತ್ತದೆ. ನಷ್ಟದ ಮಾತು ಬಂದಾಗ ಯೋಜನೆಯ ಸಮರ್ಥಕರು ಇಡೀ ನೇತ್ರಾವತಿಯನ್ನು ಮುಂದಿಡುತ್ತಾರೆ: ವರ್ಷಕ್ಕೆ ನೂರಾರು ಟಿಎಂಸಿ ಕಡಲು ಸೇರುವ ನದಿಯಿಂದ 24 ಟಿಎಂಸಿ ತೆಗೆದರೆ ಏನಾದೀತು ಎನ್ನುತ್ತಾರೆ. ಲಾಭದ ಮಾತು ಬಂದಾಗ ಅವರ ನೋಟ ಎಂಟು ಒಡ್ಡುಗಳಿಗೆ ಇಳಿಯುತ್ತದೆ, ಆ 24 ಟಿಎಂಸಿ ಪೂರ್ತಿಯಾಗಿ ಅಲ್ಲಿಯೇ ಸಿಗುತ್ತದೆಂದು ಹೇಳಲಾಗುತ್ತದೆ. ವಿರೋಧಿಸುವ ಕರಾವಳಿಯವರು ಇದನ್ನೇ ತಿರುವಿ ಹಾಕುತ್ತಾರೆ. ಒಡ್ಡುಗಳಲ್ಲಿ ನೀರೇ ಇಲ್ಲ ಎನ್ನುವಾಗ ಅವರು ಹಳ್ಳವನ್ನು ತೋರಿಸುತ್ತಾರೆ, ನೇತ್ರಾವತಿ ಬತ್ತಿಹೋಗುತ್ತದೆ ಎನ್ನುವಾಗ ನದಿಯನ್ನು ತೋರಿಸುತ್ತಾರೆ. ಒಡ್ಡುಗಳಲ್ಲಿ ನೀರಿಲ್ಲದಿದ್ದರೆ ಅದನ್ನು ತೆಗೆಯುವುದರಿಂದ ನದಿ ಬತ್ತುವುದು ಹೇಗೆ? ಇಡೀ ನದಿಗೆ ಲೆಕ್ಕಕ್ಕಿಲ್ಲದಷ್ಟು ಸಣ್ಣದಾದ ಹಳ್ಳದಿಂದ ಏಳು ಜಿಲ್ಲೆಗಳ ಬಾಯಾರಿಕೆ ತಣಿಯುವುದು ಹೇಗೆ? ಹಳ್ಳದ ಅಳತೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ, ಜಲಾನಯನದ ಅಳತೆಯಲ್ಲಿ ಕೇಳಬೇಕಾದವು ಬೇರೆ. ಅವೆರಡನ್ನೂ ಬೆರೆಸಿರುವುದರಿಂದಲೇ ಇಷ್ಟು ವರ್ಷಗಳ ಚರ್ಚೆ ಒಂದೆಡೆ ನಿಲ್ಲುತ್ತಿಲ್ಲ.

ಮೊದಲು ಹಳ್ಳದ ಲೆಕ್ಕ. ಎಂಟೂ ಒಡ್ಡುಗಳಿಗೆ ನೀರು ಕೊಡುವ ಜಲಾನಯನದ ಒಟ್ಟು ವಿಸ್ತೀರ್ಣ ಸುಮಾರು 176 ಚದರ ಕಿಲೋಮೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾಗಿ 24.01 ಟಿಎಂಸಿ ನೀರು ಸುಮಾರು 68 ಕೋಟಿ ಘನ ಮೀಟರ್ ಆಗುತ್ತದೆ. ಇದನ್ನು 176 ಚದರ ಕಿಲೋಮೀಟರಿನ ಮೇಲೆ ಸಮನಾಗಿ ಹರಡಿದರೆ ನೀರಿನ ಎತ್ತರ 3.86 ಮೀಟರ್. ಇದು ಬಿದ್ದ ಮಳೆಯ ಎತ್ತರವಲ್ಲ. ಮಣ್ಣು ಹೀರಿ, ಮರಗಳು ಕುಡಿದು, ಗಾಳಿಗೆ ಆವಿಯಾಗಿ ಹೋದ ಮೇಲೆ ಹಳ್ಳಕ್ಕೆ ಬಂದು ಸೇರಬೇಕಾದ ನೀರಿನ ಎತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಪ್ರದೇಶದ ಮಳೆಯನ್ನು 3,000ದಿಂದ 4,500 ಮಿಲಿಮೀಟರಿನ ನಡುವೆ ಇಟ್ಟು, ವರ್ಷದ ಒಟ್ಟು ಇಳುವರಿ 9.55 ಟಿಎಂಸಿ ಮಾತ್ರ ಎಂದು ಲೆಕ್ಕ ಹಾಕಿತ್ತು. ಅದು ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ಸಮ.

9.55 ಮತ್ತು 24.01ರ ನಡುವಿನ ಅಂತರವನ್ನು ಅಳತೆಯಲ್ಲಾದ ಸಣ್ಣ ತಪ್ಪೆಂದು ತಳ್ಳಿಹಾಕಲಾಗದು. ಅದಕ್ಕಾಗಿಯೇ ಎರಡನ್ನೂ ಬದಿಗಿಟ್ಟು ಕಾಗದ, ಪೆನ್ಸಿಲು ಹಿಡಿದು ನೋಡುವುದು ಒಳ್ಳೆಯದು. ಇಡೀ ಜಲಾನಯನದಲ್ಲಿ ಸರಾಸರಿ ನಾಲ್ಕು ಮೀಟರ್ ಮಳೆ ಬಿತ್ತೆಂದೂ ಅದರ ಮುಕ್ಕಾಲು ಪಾಲು ಹಳ್ಳಕ್ಕೆ ಬಂತೆಂದೂ ಉದಾರವಾಗಿ ಒಪ್ಪಿಕೊಂಡರೂ ಸಿಗುವುದು 18.7 ಟಿಎಂಸಿ. ಮೂರು ಮೀಟರ್ ಮಳೆ, ಶೇ 60ರ ಹರಿವು ಎಂದುಕೊಂಡರೆ 11 ಟಿಎಂಸಿಯ ಆಸುಪಾಸು. 24 ಟಿಎಂಸಿ ಬರಬೇಕಾದರೆ ಸರಾಸರಿ ಐದು ಮೀಟರ್ ಮಳೆ ಬಿದ್ದು, ಅದರಲ್ಲಿ ಶೇ 77ರಷ್ಟು ಹರಿದು ಬರಬೇಕು. ಘಟ್ಟದ ಅಂಚಿನ ಕೆಲವು ತಾಣಗಳಲ್ಲಿ ಐದು ಮೀಟರ್ ದಾಟುವ ವರ್ಷಗಳುಂಟು ಎಂಬುದು ನಿಜ. ಆದರೆ ಮಲೆನಾಡಿನ ಮಳೆಯ ಬಗ್ಗೆ ತೋಟದವರೆಲ್ಲ ಬಲ್ಲ ಸಂಗತಿಯೊಂದಿದೆ: ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಸರಿದಂತೆ ಮೈಲಿ ಮೈಲಿಗೂ ಮಳೆ ಇಳಿಯುತ್ತದೆ. ಅಂಚಿನ ಒಂದು ಮಳೆಮಾಪಕದ ಅಂಕಿಯನ್ನು ಇಡೀ ಕಣಿವೆಗೆ ಹಚ್ಚುವುದು, ಅಥವಾ ಬಂಟ್ವಾಳದಲ್ಲಿ ಅಳೆದ ನೇತ್ರಾವತಿಯ ಹರಿವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಘಟ್ಟದ ಮೇಲಿನ ಹಳ್ಳದ ಇಳುವರಿಯನ್ನು ಊಹಿಸುವುದು, ಎರಡೂ ಅಪಾಯದ ದಾರಿಗಳು.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಹಳ್ಳದಲ್ಲಿ ನೀರಿರುವುದು ಬೇರೆ, ಅದು ಪಂಪಿಗೆ ಸಿಗುವುದು ಬೇರೆ. 139 ದಿನಗಳಲ್ಲಿ 24 ಟಿಎಂಸಿ ಎತ್ತಬೇಕಾದರೆ ಹಗಲೂ ರಾತ್ರಿ ಬಿಡುವಿಲ್ಲದೆ ಸರಾಸರಿ 2,000 ಕ್ಯುಸೆಕ್, ಅಂದರೆ ಸೆಕೆಂಡಿಗೆ 2,000 ಘನ ಅಡಿ, ಸಾಗಿಸಬೇಕು. ಘಟ್ಟದ ಹಳ್ಳ ಹಾಗೆ ಹರಿಯುವುದಿಲ್ಲ. ಜುಲೈಯ ಒಂದು ವಾರ ಬಂಡೆಗಳನ್ನು ಉರುಳಿಸುವಂತೆ ಬರುತ್ತದೆ, ಮುಂದಿನ ವಾರ ಮಳೆ ಬಿಡುವು ಕೊಟ್ಟರೆ ಇಳಿದುಬಿಡುತ್ತದೆ. ಒಡ್ಡುಗಳು ಜಲಾಶಯಗಳಲ್ಲ, ನೀರನ್ನು ಹಿಡಿದಿಡುವ ಹೊಟ್ಟೆ ಅವಕ್ಕಿಲ್ಲ. ನೆರೆಯ ದಿನ ಪಂಪಿನ ಸಾಮರ್ಥ್ಯವನ್ನು ಮೀರಿ ಬಂದದ್ದು ಒಡ್ಡಿನ ಮೇಲೆ ಹಾರಿ ಹೋಗುತ್ತದೆ, ಇಳಿದ ದಿನ ಪಂಪುಗಳು ಅರೆಹೊಟ್ಟೆಯಲ್ಲಿ ನಡೆಯುತ್ತವೆ. ಆದ್ದರಿಂದ ವರ್ಷದ ಒಟ್ಟು ಇಳುವರಿ ಎಷ್ಟೇ ಇರಲಿ, ಎತ್ತಲಾಗುವುದು ಅದಕ್ಕಿಂತ ಕಡಿಮೆಯೇ. ಅದರ ಮೇಲೆ, ಕುಡಿಯುವ ನೀರಿನ ಯೋಜನೆಯನ್ನು ಒಳ್ಳೆಯ ವರ್ಷದ ಮಳೆ ನೋಡಿ ಕಟ್ಟುವಂತಿಲ್ಲ. ಕೋಲಾರದಲ್ಲಿ ಬರ ಬಿದ್ದ ವರ್ಷವೇ ಸಕಲೇಶಪುರದಲ್ಲೂ ಮುಂಗಾರು ಕೈಕೊಟ್ಟರೆ ಏನು ಎಂಬುದೇ ಅಂಥ ಯೋಜನೆಯ ನಿಜವಾದ ಪರೀಕ್ಷೆ.

ಎತ್ತುವ ಖರ್ಚೂ ಇದೆ. ಒಂದು ಟಿಎಂಸಿ ನೀರನ್ನು ನೂರು ಮೀಟರ್ ಮೇಲೆತ್ತಲು, ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ, ಸುಮಾರು ಒಂದು ಕೋಟಿ ಯೂನಿಟ್ ವಿದ್ಯುತ್ ಬೇಕು. ಇದು ಭೌತಶಾಸ್ತ್ರದ ಲೆಕ್ಕವಾದ್ದರಿಂದ ಯಾವ ಸರ್ಕಾರ ಬಂದರೂ ಬದಲಾಗದು. ಕಾಮಗಾರಿಯ ಖರ್ಚು ಒಂದು ಸಲದ್ದು, ಈ ಬಿಲ್ಲು ಮಾತ್ರ ಪ್ರತಿ ಮಳೆಗಾಲದ್ದು.

ಇನ್ನು ಜಲಾನಯನದ ಲೆಕ್ಕ. ನೇತ್ರಾವತಿಯ ಒಟ್ಟು ಜಲಾನಯನ ಸುಮಾರು ಮೂರೂವರೆ ಸಾವಿರ ಚದರ ಕಿಲೋಮೀಟರ್. ಎಂಟು ಒಡ್ಡುಗಳ ಮೇಲಿನ ನೆಲ ಅದರ ಶೇ 5ರಷ್ಟು. ಬಂಟ್ವಾಳದಲ್ಲೋ ತುಂಬೆಯಲ್ಲೋ ನಿಂತು ಜುಲೈ ತಿಂಗಳ ನದಿಯನ್ನು ನೋಡುವವರಿಗೆ ಈ ಶೇ 5 ಕಣ್ಣಿಗೇ ಬೀಳುವುದಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಯೋಜನೆ ನವೆಂಬರಿನಿಂದ ಮೇವರೆಗೆ ನೀರನ್ನು ಎತ್ತುವುದಿಲ್ಲ ಎಂಬುದೂ ನಿಜವಾದ್ದರಿಂದ, ಏಪ್ರಿಲಿನಲ್ಲಿ, ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನ ಮಟ್ಟ ಇಳಿದಾಗ ಅದನ್ನು ನೇರವಾಗಿ ಪಂಪುಗಳ ತಲೆಗೆ ಕಟ್ಟಲಾಗದು. 2016ರಲ್ಲಿಯೂ 2019ರಲ್ಲಿಯೂ ಮಂಗಳೂರು ನೀರಿನ ಪಡಿತರ ಕಂಡಿತು. 2019ರ ಮೇ ತಿಂಗಳಲ್ಲಂತೂ ನೇತ್ರಾವತಿ ಎಷ್ಟು ಇಳಿಯಿತೆಂದರೆ, ಧರ್ಮಸ್ಥಳಕ್ಕೆ ಬರುವುದನ್ನು ಮುಂದೂಡುವಂತೆ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೋರಬೇಕಾಯಿತು. ಆಗ ಎತ್ತಿನಹೊಳೆಯಿಂದ ಒಂದು ಕೊಡ ನೀರೂ ಪೂರ್ವಕ್ಕೆ ಹೋಗಿರಲಿಲ್ಲ. ಮುಂಗಾರಿನಲ್ಲಿ ನೂರಾರು ಟಿಎಂಸಿ ಹರಿಸುವ ನದಿಯೊಂದು ಬೇಸಿಗೆಯಲ್ಲಿ ಹೀಗೆ ನಿತ್ರಾಣವಾಗುವುದಕ್ಕೆ ಕಾರಣಗಳನ್ನು ದಕ್ಷಿಣ ಕನ್ನಡ ತನ್ನ ಅಂಗಳದಲ್ಲೂ ಹುಡುಕಬೇಕಾಗುತ್ತದೆ: ಗುಡ್ಡದ ಮೇಲೆ ರಬ್ಬರು ತೋಟಗಳಾದ ಕಾಡು, ಅಡಿಕೆ ತೋಟಕ್ಕೆ ಕೊರೆದ ಕೊಳವೆಬಾವಿಗಳು, ಕಟ್ಟುವವರಿಲ್ಲದೆ ನಿಂತುಹೋದ, ತೋಡುಗಳಿಗೆ ಅಡ್ಡಲಾಗಿ ಹಾಕುತ್ತಿದ್ದ ಕಟ್ಟಗಳು, ಗದ್ದೆಗಳು ಸೈಟುಗಳಾದದ್ದು, ಇದೇ ನದಿಯನ್ನು ನೆಚ್ಚಿರುವ ಕೈಗಾರಿಕೆಗಳು.

ಹಾಗಾದರೆ ಕರಾವಳಿಯ ಆತಂಕ ಹುರುಳಿಲ್ಲದ್ದೇ? ಅಲ್ಲ. ಅದು ತಪ್ಪು ಜಾಗದಲ್ಲಿ ಬೆರಳಿಟ್ಟಿದೆ, ಅಷ್ಟೇ. ನದಿಯ ಬೇಸಿಗೆಯ ಹರಿವು ಬರುವುದು ಮಳೆಗಾಲದಲ್ಲಿ ನೆಲ ಕುಡಿದಿಟ್ಟ ನೀರಿನಿಂದ. ಘಟ್ಟದ ನೆತ್ತಿಯ ಹುಲ್ಲುಗಾವಲು, ಅದರ ಮಡಿಲಿನ ಶೋಲಾ, ತಗ್ಗಿನ ಜೌಗಿನ ಹಡ್ಲುಗದ್ದೆಗಳು ಸೇರಿ ಒಂದು ಸ್ಪಂಜು. ಐದು ತಿಂಗಳ ಮಳೆಯನ್ನು ಹೀರಿ ಏಳು ತಿಂಗಳು ಹನಿಹನಿಯಾಗಿ ಬಿಡುವುದು ಅದರ ಕೆಲಸ. ವಿಸ್ತೀರ್ಣದಲ್ಲಿ ಶೇ 5 ಇರುವ ಈ ಭಾಗ ಬೇಸಿಗೆಯ ಹರಿವಿನಲ್ಲೂ ಶೇ 5ರಷ್ಟೇ ಪಾಲು ಹೊಂದಿರುತ್ತದೆಂದು ಭಾವಿಸಲು ಕಾರಣವಿಲ್ಲ. ಹೆಚ್ಚು ಮಳೆಯೂ ಹೆಚ್ಚು ಕಾಡೂ ಇರುವಲ್ಲಿ ಅದು ಹೆಚ್ಚಿರುವುದೇ ಸಹಜ. ಪಂಪು ಈ ಸ್ಪಂಜನ್ನು ಹಿಂಡುವುದಿಲ್ಲ. ಆದರೆ ಪಂಪನ್ನು ಕೂರಿಸಲು ಮಾಡಿದ ಕೆಲಸ ಸ್ಪಂಜನ್ನು ಸೀಳಿದೆ: ಕಣಿವೆಯಿಂದ ನೆತ್ತಿಗೆ ಏರುವ ಬೃಹತ್ ಕೊಳವೆಗಳ ಕಂದಕ, ಬಂಡೆ ಸಿಡಿಸಿದ ಜಾಗ, ಯಂತ್ರಗಳು ಇಳಿಯಲು ಕಡಿದ ರಸ್ತೆ, ಅಗೆದು ಇಳಿಜಾರಿಗೆ ಸುರಿದ ಮಣ್ಣು. ಈ ಇಳಿಜಾರುಗಳ ಮೇಲೆ ಮೊದಲೇ ರೈಲು ಹಳಿ, ಚತುಷ್ಪಥವಾಗುತ್ತಿರುವ ಹೆದ್ದಾರಿ ಮತ್ತು ಇಂಧನ ಕೊಳವೆ ಮಾರ್ಗಗಳ ಹೊರೆಯಿತ್ತು. 2018ರ ಆಗಸ್ಟಿನ ಕುಸಿತಗಳಲ್ಲಿ ಶಿರಾಡಿ ಘಾಟಿ ಮುಚ್ಚಿತು. 2024ರ ಜುಲೈ 26ರಂದು ಯಡಕುಮರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ನಿಂತವು. ಇವು ಎತ್ತಿನಹೊಳೆ ಯೋಜನೆಯಿಂದಲೇ ಆದವೆಂದು ಹೇಳಲು ಆಧಾರವಿಲ್ಲ. ಎಷ್ಟು ಭಾರ ಹೊತ್ತುಕೊಂಡ ನೆಲದ ಮೇಲೆ ಇನ್ನಷ್ಟು ಭಾರ ಹೇರಲಾಯಿತು ಎಂಬುದನ್ನಷ್ಟೇ ಇವು ತೋರಿಸುತ್ತವೆ.

ಹಳ್ಳ ಮತ್ತು ಅಳಿವೆಯ ನಡುವಿನ ದಾರಿಯಲ್ಲಿ ನಷ್ಟದ ಪ್ರಮಾಣ ಒಂದೇ ರೀತಿ ಇರುವುದಿಲ್ಲ ಎಂಬುದು ಚರ್ಚೆಯಲ್ಲಿ ಬಹಳ ಕಡಿಮೆ ಕೇಳಿಬಂದ ಮಾತು. ಅಳಿವೆಯಲ್ಲಿ ಅದು ಅಲ್ಪ. ಉಪ್ಪಿನಂಗಡಿಯಲ್ಲಿ ಸ್ವಲ್ಪ ಹೆಚ್ಚು. ಗುಂಡ್ಯದಲ್ಲಿ ಗಣನೀಯ. ಒಡ್ಡಿನ ಕೆಳಗಿನ ಮೊದಲ ಕೆಲವು ಕಿಲೋಮೀಟರಿನಲ್ಲಿ, ಮಳೆ ಬಿಡುವು ಕೊಟ್ಟ ದಿನಗಳಂದು, ಬಹುತೇಕ ಸಂಪೂರ್ಣ. ಆ ಕೆಲವು ಕಿಲೋಮೀಟರುಗಳಲ್ಲಿ ಇರುವವರು ಯಾರು? ಮನುಷ್ಯರು ಕಡಿಮೆ, ಆನೆ, ಸಿಂಗಳೀಕ, ಮೀನು, ಕಪ್ಪೆ. ಇಲ್ಲಿಯ ಕೆಂಪುಹೊಳೆ ಕಾಡಿನಲ್ಲಿ ಸಿಕ್ಕಿ, 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕಪ್ಪೆಯೊಂದಕ್ಕೆ ಗುಂಡ್ಯದ ಹೆಸರನ್ನೇ ಇಟ್ಟಿದ್ದಾರೆ: ಇಂಡಿರಾನಾ ಗುಂಡಿಯ. ಈ ಕುಲದ ಕಪ್ಪೆಗಳ ಗೊದಮೊಟ್ಟೆಗಳು ಬೇರೆಯವುಗಳಂತೆ ಮಡುವಿನಲ್ಲಿ ಈಜಾಡುವುದಿಲ್ಲ, ನೀರು ತೆಳುವಾಗಿ ಜಿನುಗುವ ಬಂಡೆಯ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಬಂಡೆಯ ಮೇಲಿನ ಆ ತೇವದ ಪದರ ಯಾವ ಟಿಎಂಸಿ ಲೆಕ್ಕದಲ್ಲೂ ಕಾಣಿಸಿಕೊಳ್ಳುವಷ್ಟು ದೊಡ್ಡದಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ಇದೇ ಗುಂಡ್ಯ ಕಣಿವೆಯ ಜಲವಿದ್ಯುತ್ ಯೋಜನೆಯನ್ನು ಕೈಗೊಳ್ಳಬಾರದೆಂದು ಹೇಳಿದ್ದು ಈ ಬಗೆಯ ಜೀವಸಂಪತ್ತನ್ನು ಕಂಡೇ.

ಅಷ್ಟಾದರೂ ಎತ್ತಿನಹೊಳೆಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಲಿಲ್ಲ. ಅಂಥ ಅಧ್ಯಯನ ಯಾವುದಕ್ಕೆ ಬೇಕೆಂದು ಹೇಳುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ನದಿ ಕಣಿವೆ ಯೋಜನೆಗಳನ್ನು ಅಳೆಯುವುದು ವಿದ್ಯುತ್ ಉತ್ಪಾದನೆ ಮತ್ತು ನೀರಾವರಿ ಪ್ರದೇಶದ ಮಾಪಕದಲ್ಲಿ; ಕುಡಿಯುವ ನೀರಿನ ಯೋಜನೆ ಆ ಪಟ್ಟಿಯಲ್ಲೇ ಇಲ್ಲ. ಹತ್ತು ಟಿಎಂಸಿ ನೀರು ಕೆರೆಗಳಿಗೆ ಹೋಗುವಾಗ ಇದು ಕುಡಿಯುವ ನೀರಿನ ಯೋಜನೆ ಹೇಗಾಯಿತು ಎಂದು ಅರ್ಜಿದಾರರು ಕೇಳಿದರಾದರೂ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಆ ಅರ್ಜಿಗಳನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿದಿರಬಹುದು. ಈ ಹಳ್ಳಗಳ ಇಡೀ ವರ್ಷದ ಹರಿವನ್ನು, ಅವುಗಳಲ್ಲಿ ಬದುಕುವ ಜೀವಿಗಳನ್ನು, ಒಡ್ಡಿನ ಕೆಳಗೆ ಎಷ್ಟು ನೀರು ಬಿಡಲೇಬೇಕು ಎಂಬುದನ್ನು ಒಂದೇ ಕಡೆ ಕಟ್ಟುನಿಟ್ಟಾಗಿ ಅಳೆದು ದಾಖಲಿಸುವ ಅವಕಾಶ ಹೀಗೆ ಕೈತಪ್ಪಿತು. ಇವತ್ತು ಎರಡೂ ಕಡೆಯವರು ಇಷ್ಟು ಜೋರಾಗಿ ಮಾತಾಡಲು ಸಾಧ್ಯವಾಗಿರುವುದು ಆ ದಾಖಲೆ ಇಲ್ಲದಿರುವುದರಿಂದಲೇ.

‘ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು’ ಎಂಬ ಮಾತಿನ ಬಗ್ಗೆಯೂ ಒಂದೆರಡು ವಾಕ್ಯ ಹೇಳಬೇಕು. ನಿವೃತ್ತ ಎಂಜಿನಿಯರ್ ಪರಮಶಿವಯ್ಯನವರು ನೇತ್ರಾವತಿಯ 142 ಟಿಎಂಸಿ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ ಮುಂದಿಟ್ಟ ದಿನಗಳಿಂದಲೂ ಈ ಮಾತು ವೇದಿಕೆಗಳ ಮೇಲೆ ಓಡಾಡುತ್ತಿದೆ. ನೆರೆಯ ನೀರು ಕಡಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಘಟ್ಟದ ಮಣ್ಣು, ಕೊಳೆತ ಎಲೆ, ಮರಳನ್ನು ಹೊತ್ತೊಯ್ಯುತ್ತದೆ. ಬಂಟ್ವಾಳದ ಬಯಲಿನ ಗದ್ದೆಗೆ ಗೋಡನ್ನು, ಅಳಿವೆಯ ಮೀನಿಗೆ ಆಹಾರವನ್ನು ಕೊಟ್ಟು, ನದಿಯೊಳಕ್ಕೆ ನುಗ್ಗುವ ಉಪ್ಪುನೀರನ್ನು ಹಿಂದಕ್ಕೆ ತಳ್ಳುತ್ತದೆ. ಇದನ್ನು ಕರಾವಳಿಯ ಮೀನುಗಾರನಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ಶೇ 5ರಷ್ಟು ಕಡಿತದಿಂದ ಈ ಕೆಲಸವೆಲ್ಲ ನಿಂತುಹೋಗುತ್ತದೆ ಎನ್ನುವುದೂ ಅತಿಶಯೋಕ್ತಿಯೇ. ಆತಂಕಪಡಬೇಕಾದ್ದು ಈ ಶೇ 5ಕ್ಕಿಂತ ಹೆಚ್ಚಾಗಿ ಅದರ ಮುಂದಿನ ಹೆಜ್ಜೆಗೆ: ಎಂಟು ಒಡ್ಡುಗಳಲ್ಲಿ 24 ಟಿಎಂಸಿ ಸಿಗದಿದ್ದರೆ, 23,000 ಕೋಟಿ ಸುರಿದು ಕಟ್ಟಿದ ಕಾಲುವೆಯನ್ನು ತುಂಬಿಸಲು ಪಕ್ಕದ ಕಣಿವೆಗಳಿಗೆ, ಕುಮಾರಧಾರೆಯ ಬೇರೆ ಉಪನದಿಗಳಿಗೆ ಕೈಹಾಕುವ ಒತ್ತಡ ಬಂದೇ ಬರುತ್ತದೆ. ಅರ್ಧ ತುಂಬಿದ ಕಾಲುವೆಯನ್ನು ಅರ್ಧದಲ್ಲೇ ಬಿಡುವ ಸರ್ಕಾರವನ್ನು ನಾವು ಈವರೆಗೆ ಕಂಡಿಲ್ಲ.

ಕಾಲುವೆಯ ಇನ್ನೊಂದು ತುದಿಗೆ ಹೋಗೋಣ. ಕೋಲಾರ, ಚಿಕ್ಕಬಳ್ಳಾಪುರದ ನೆಲದ ಸ್ವಭಾವವೂ ಒಂದು ರೀತಿಯಲ್ಲಿ ಎತ್ತಿನಹೊಳೆಯದ್ದೇ. ಅದೂ ನೀರಿನ ನೆತ್ತಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟಿ ಹೊರಗೆ ಹೋಗುವ ಜಾಗ. ಮೇಲಿನಿಂದ ಬರುವ ನದಿಯಿಲ್ಲ. ಅದಕ್ಕೇ ಅಲ್ಲಿಯ ಹಿಂದಿನವರು ಬಿದ್ದ ಮಳೆಯನ್ನು ಬಿದ್ದಲ್ಲೇ ತಡೆಯುವ ಸಾವಿರಾರು ಕೆರೆಗಳ ಸರಪಳಿ ಕಟ್ಟಿದರು: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಮತ್ತೂ ಕೆಳಗಿನದಕ್ಕೆ, ತೂಬು ತೆರೆಯಲು ನೀರುಗಂಟಿ. ರಾಜಕಾಲುವೆಗಳು ಒತ್ತುವರಿಯಾಗಿ, ಕೆರೆಯಂಗಳಗಳಲ್ಲಿ ಜಾಲಿ ಬೆಳೆದು, ಗೋಮಾಳಗಳಲ್ಲಿ ನೀಲಗಿರಿ ಎದ್ದು, ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಆಳದ ನೀರಿನಲ್ಲಿ ಫ್ಲೋರೈಡ್ ಬಂದ ಮೇಲೆ ಅಲ್ಲಿನ ರೈತ ನೀರಿಗಾಗಿ ಬೀದಿಗಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರ ಬೇಡಿಕೆಯನ್ನು ರಾಜಕೀಯವೆಂದು ಹೀಗಳೆಯುವ ಕರಾವಳಿಯ ಭಾಷಣಗಳು ನನಗೆ ಹಿಡಿಸಿಲ್ಲ. ಮಗುವಿನ ಹಲ್ಲಿನಲ್ಲಿ ಫ್ಲೋರೈಡಿನ ಕಂದು ಕಲೆ ಕಂಡ ತಾಯಿಗೆ ಜಲವಿಭಾಜಕದ ಪಾಠ ಹೇಳಿ ಪ್ರಯೋಜನವಿಲ್ಲ.

ಅವರಿಗೆ ಬೇಕಾದ್ದೆಷ್ಟು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು. ಜಲಜೀವನ ಮಿಷನ್ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂಬ ಅಳತೆ ಇಟ್ಟುಕೊಂಡಿದೆ. ಆ ಅಳತೆಯಲ್ಲಿ 75 ಲಕ್ಷ ಜನರಿಗೆ ವರ್ಷಕ್ಕೆ ಬೇಕಾಗುವುದು ಸುಮಾರು 5.3 ಟಿಎಂಸಿ. 14 ಟಿಎಂಸಿ ಎಂದರೆ ತಲೆಗೆ ದಿನಕ್ಕೆ ಸುಮಾರು 145 ಲೀಟರ್. ಪಟ್ಟಣಗಳು, ಮುಂದಿನ ದಶಕಗಳ ಜನಸಂಖ್ಯೆ, ಉದ್ದನೆಯ ತೆರೆದ ಕಾಲುವೆಯಲ್ಲಿ ಆವಿಯಾಗಿ ಇಂಗಿಹೋಗುವುದು ಎಲ್ಲವನ್ನೂ ಸೇರಿಸಿ ಅದಕ್ಕೆ ಸಮರ್ಥನೆ ಕೊಡಬಹುದು. ವಿಜ್ಞಾನ ಸಂಸ್ಥೆಯವರ ಕಡಿಮೆ ಅಂದಾಜೇ ನಿಜವೆಂದುಕೊಂಡರೂ, ಕುಡಿಯುವ ನೀರಿನ ಕನಿಷ್ಠ ಅಗತ್ಯಕ್ಕೆ ಸಾಲುವಷ್ಟು ನೀರು ಹಳ್ಳಗಳಲ್ಲಿ ಕಾಗದದ ಮೇಲಾದರೂ ಇದೆ. ಕೆರೆ ತುಂಬಿಸುವ ಹತ್ತು ಟಿಎಂಸಿಯ ಭರವಸೆ ಮಾತ್ರ ಅದರಲ್ಲಿ ಹಿಡಿಸುವುದಿಲ್ಲ. ಯೋಜನೆಗೆ ರಾಜಕೀಯ ಬಲ ಬಂದದ್ದೇ ಕೆರೆಗಳ ಭರವಸೆಯಿಂದ ಎಂಬುದು ಇಲ್ಲಿಯ ತೊಡಕು.

ಕೆರೆಗೆ ಬೇರೆ ನೀರಿದೆಯೇ? 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬರುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಆ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್; ಪೂರ್ತಿ ಹರಿದರೆ ವರ್ಷಕ್ಕೆ 5.7 ಟಿಎಂಸಿ. ಅದರ ಸಂಸ್ಕರಣೆ ಸಾಲದು, ಮೂರನೆಯ ಹಂತದ ಶುದ್ಧೀಕರಣ ಬೇಕು ಎಂಬ ಕೋಲಾರದವರ ಹೋರಾಟ ನ್ಯಾಯವಾದದ್ದು. ಆದರೂ ಮಳೆ ಬರಲಿ ಬಿಡಲಿ ಪ್ರತಿದಿನ ಬರುವ, ಘಟ್ಟವನ್ನು ಏರಬೇಕಿಲ್ಲದ ನೀರು ಅದು. ಇನ್ನೊಂದು ಲೆಕ್ಕ: ಸುಮಾರು 4,000 ಚದರ ಕಿಲೋಮೀಟರಿನ ಕೋಲಾರ ಜಿಲ್ಲೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದುಕೊಂಡರೂ ಬೀಳುವುದು ನೂರು ಟಿಎಂಸಿಯ ಹತ್ತಿರ. ಅದರ ಬಹುಪಾಲು ಆವಿಯಾಗುತ್ತದೆ, ಬೆಳೆಗೆ ಹೋಗುತ್ತದೆ, ತಡೆಯಲಾಗದು. ನೂರಕ್ಕೆ ಐದರಷ್ಟನ್ನು ಹೆಚ್ಚುವರಿಯಾಗಿ ಕೆರೆಯಲ್ಲಿ ನಿಲ್ಲಿಸಲಾದರೆ ಅದೇ ಐದು ಟಿಎಂಸಿ. ಹೂಳೆತ್ತುವುದು, ಒತ್ತುವರಿ ಬಿಡಿಸುವುದು ಎಂಬವು ಶಂಕುಸ್ಥಾಪನೆಯ ಕಲ್ಲು ನೆಡಲು ಅನುಕೂಲವಾದ ಕೆಲಸಗಳಲ್ಲ. ಒತ್ತುವರಿ ಮಾಡಿದವರು ಊರಿನವರೇ ಆಗಿರುತ್ತಾರೆ.

ದಾರಿಯ ನಡುವೆ ಮತ್ತೊಂದು ಗಂಟಿದೆ. ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳ ಗಡಿಯಲ್ಲಿ, ಬೈರಗೊಂಡ್ಲುವಿನಲ್ಲಿ, ನೀರನ್ನು ಸಂಗ್ರಹಿಸಲು ಜಲಾಶಯವೊಂದನ್ನು ಯೋಜಿಸಲಾಗಿತ್ತು. 139 ದಿನ ಮಾತ್ರ ಹರಿಯುವ ನೀರನ್ನು ಉಳಿದ 226 ದಿನಗಳಿಗೆ ಹಿಡಿದಿಡುವ ಹೊಟ್ಟೆ ಅದೇ. ಒಂದು ತಾಲ್ಲೂಕಿನ ಜಮೀನಿಗೆ ಒಂದು ದರ, ಪಕ್ಕದ ತಾಲ್ಲೂಕಿನ ಜಮೀನಿಗೆ ಬೇರೆ ದರ ಎಂಬ ಪರಿಹಾರದ ತಾರತಮ್ಯ, ಹಳ್ಳಿಗಳ ಮುಳುಗಡೆ, ರೈತರ ವಿರೋಧ ಸೇರಿ ಆ ಕೆಲಸ ವರ್ಷಗಟ್ಟಲೆ ಕುಂಟಿತು. ಸಂಗ್ರಹವಿಲ್ಲದೆ ಈ ಯೋಜನೆ ವರ್ಷವಿಡೀ ಕುಡಿಯುವ ನೀರನ್ನು ಹೇಗೆ ಕೊಡುತ್ತದೆ ಎಂಬ ಪ್ರಶ್ನೆಗೆ, ಘಟ್ಟದ ಕಡೆ ಎಷ್ಟು ನೀರು ಸಿಗುತ್ತದೆ ಎಂಬ ಪ್ರಶ್ನೆಯಷ್ಟೇ ತೂಕವಿದೆ.

ಇಳುವರಿಯ ಜಗಳವನ್ನು ಈಗ ಊಹೆಯ ಮೇಲೆ ಮುಂದುವರಿಸಬೇಕಾದ ಅಗತ್ಯವೇ ಉಳಿದಿಲ್ಲ. ಒಡ್ಡುಗಳು ನಿಂತಿವೆ, ಪಂಪುಗಳಿಗೆ ಮೀಟರುಗಳಿವೆ, ವಿದ್ಯುತ್ ಬಿಲ್ಲು ತಿಂಗಳು ತಿಂಗಳು ಬರುತ್ತದೆ. ಎಂಟು ಒಡ್ಡುಗಳಲ್ಲಿ ಪ್ರತಿದಿನ ಬಂದ ನೀರೆಷ್ಟು, ಎತ್ತಿದ್ದೆಷ್ಟು, ಕೆಳಗೆ ಬಿಟ್ಟದ್ದೆಷ್ಟು, ತುಮಕೂರಿನ ಕಡೆ ತಲುಪಿದ್ದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಕೃಷ್ಣರಾಜಸಾಗರದ ಮಟ್ಟವನ್ನು ಪ್ರತಿದಿನ ಪ್ರಕಟಿಸುವಂತೆಯೇ ಪ್ರಕಟಿಸಲು ಜಲಸಂಪನ್ಮೂಲ ಇಲಾಖೆಗೆ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಅವುಗಳ ಜೊತೆ ಇನ್ನೂ ಒಂದು ಅಂಕಿ ಬೇಕು: ಪಂಪುಗಳು ನಿಂತಿರುವ ಮಾರ್ಚ್ ತಿಂಗಳಲ್ಲಿ, ಗುಂಡ್ಯದ ಸೇತುವೆಯ ಬಳಿ, ಹೊಳೆ ಎಷ್ಟು ಹರಿಯುತ್ತಿದೆ. ಸೀಳಿದ ಸ್ಪಂಜು ಏನಾಗಿದೆ ಎಂಬುದು ತಿಳಿಯುವುದು ಆ ಅಂಕಿಯಿಂದ, ಅದೂ ಐದಾರು ಬೇಸಿಗೆಗಳ ಅಂಕಿಯನ್ನು ಸಾಲಾಗಿ ಇಟ್ಟು ನೋಡಿದಾಗ.